ವಿಮಾನ ಇಳಿದರಾಯ್ತೆ? ಕೆಳಗೆ ನಿಂತು ನೋಡಿಕೊಳ್ಳೋರು ಯಾರು ಸ್ವಾಮಿ?

2023ರ ಮಾರ್ಚ್ 6ನೇ ತಾರೀಕು. ಕಲಬುರಗಿ ಜಿಲ್ಲೆಯ ಜೇವರ್ಗಿ. ನಮ್ಮ ಜಿಲ್ಲೆಯವರೇ ಆದ ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪನವರು ಕೂತಿದ್ದ ಹೆಲಿಕಾಪ್ಟರ್ ಇಳಿಯಲು ಕೆಳಗೆ ಬಂತು. ಪಂಕದ ಗಾಳಿ ನೆಲಕ್ಕೆ ಬಡಿದಿದ್ದೇ ತಡ, ಮೈದಾನದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ, ಚೀಲ, ಕಸ ಎಲ್ಲ ಗಾಳಿಪಟದ ಹಾಗೆ ಮೇಲೆದ್ದವು. ಪೈಲಟ್ ಇಳಿಸಲಿಲ್ಲ. ಹೆಲಿಕಾಪ್ಟರ್ ಮತ್ತೆ ಮೇಲಕ್ಕೆ ಹೋಯಿತು. ಪೊಲೀಸರು ಓಡಾಡಿ ಜಾಗ ಚೊಕ್ಕ ಮಾಡಿದ ಮೇಲೆ ಇಳಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಟೀವಿಯಲ್ಲಿ ಆ ದೃಶ್ಯ ನೋಡಿ ಜನ ‘ಅಬ್ಬಾ’ ಅಂದರು, ಆಮೇಲೆ ಮರೆತರು. ಆದರೆ ಅದರಲ್ಲಿ ನಮಗೆಲ್ಲ ಒಂದು ಪಾಠ ಇತ್ತು. ಲಕ್ಷಗಟ್ಟಲೆ ಬಾಡಿಗೆಯ ಯಂತ್ರ ತಂದು, ಪೈಲಟ್ ತಂದು, ಹಾರ ತುರಾಯಿ ತಂದು, ಕೊನೆಗೆ ಪೊರಕೆ ಹಿಡಿಯೋ ಒಂದು ಆಳಿಲ್ಲದೆ ಇಡೀ ಏರ್ಪಾಡು ಗಾಳಿಯಲ್ಲಿ ನಿಂತಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಮೊನ್ನೆ ಭದ್ರಾವತಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಸೋಗಾನೆ ಕಡೆಗೆ ಒಂದು ಸಣ್ಣ ಬಿಳಿ ವಿಮಾನ ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಯಜಮಾನರು ಕತ್ತು ಚಾಚಿ ನೋಡಿ, “ಯಾರದ್ದೋ ಮದುವೆ ಪಾರ್ಟಿ ಇರಬೇಕು ಮಾರಾಯ್ರೆ. ದುಡ್ಡಿದ್ದೋರಿಗೆ ಏನು, ಟ್ಯಾಕ್ಸಿ ಹಿಡಿದ ಹಾಗೆ ವಿಮಾನ ಹಿಡೀತಾರೆ” ಅಂದರು. ಕಂಡಕ್ಟರ್ ನಕ್ಕು, “ಟ್ಯಾಕ್ಸಿ ಆದ್ರೆ ಎಲ್ಲಿ ಬೇಕಾದ್ರೂ ನಿಲ್ಸಬಹುದು ಸಾರ್, ವಿಮಾನಕ್ಕೆ ಸ್ಟ್ಯಾಂಡಿನಲ್ಲಿ ಜನ ಬೇಕಲ್ಲ” ಅಂದ.

ಕಂಡಕ್ಟರ್ ಮಾತು ಲಾಖ್ ರೂಪಾಯಿ ಮಾತು. ಇವತ್ತಿನ ಅಂಕಣ ಅದರ ಬಗ್ಗೆಯೇ.

ರನ್‌ವೇ ಇದೆ, ಸರಿ. ಆಮೇಲೆ?

ಸೋಗಾನೆಯ ವಿಮಾನ ನಿಲ್ದಾಣವನ್ನು ಪ್ರಧಾನಿ ನರೇಂದ್ರ ಮೋದಿಯವರು ಉದ್ಘಾಟಿಸಿದ್ದು 2023ರ ಫೆಬ್ರವರಿ 27ರಂದು. ಖರ್ಚು ಸುಮಾರು 450 ಕೋಟಿ. ರನ್‌ವೇ 3,200 ಮೀಟರ್, ಅಂದರೆ ಮೂರು ಕಿಲೋಮೀಟರಿಗೂ ಮೇಲೆ. ರಾಷ್ಟ್ರಕವಿ ಕುವೆಂಪು ಅವರ ಹೆಸರು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಅವತ್ತು ಊರಿಗೆ ಊರೇ ಕುಣಿಯಿತು. ಕುಣಿಯಬೇಕಾದದ್ದೇ.

ದಿನದ ವಿಮಾನಕ್ಕೆ ಕಂಪನಿಯವರೇ ಇರುತ್ತಾರೆ. ಅವರ ಏಣಿ, ಅವರ ಹುಡುಗರು, ಅವರ ವೇಳಾಪಟ್ಟಿ. ಸರ್ಕಾರಿ ಬಸ್ಸಿಗೆ ಡಿಪೋ ಇದ್ದ ಹಾಗೆ. ಫಜೀತಿ ಇರೋದು ವೇಳಾಪಟ್ಟಿ ಇಲ್ಲದೆ ಬರುವ ವಿಮಾನಕ್ಕೆ. ಅಂದರೆ ಬಾಡಿಗೆ ವಿಮಾನ, ಸ್ವಂತ ವಿಮಾನ, ರೋಗಿಯನ್ನು ಒಯ್ಯುವ ವಿಮಾನ. ಇವು ಒಂದು ದಿನ ಬರುತ್ತವೆ, ಹತ್ತು ದಿನ ಬರೋದಿಲ್ಲ. ಇವಕ್ಕೆ ಊರಲ್ಲಿ ಸ್ವಂತದವರು ಅಂತ ಯಾರೂ ಇರೋದಿಲ್ಲ. ಕೆಳಗೆ ನಿಂತು ಕೈ ಹಿಡಿಯೋರನ್ನು ಪ್ರತಿ ಸಲವೂ ಗೊತ್ತು ಮಾಡಬೇಕು. ಈ ಗೊತ್ತು ಮಾಡೋ ಕೆಲಸಕ್ಕೆ ಆ ಕಸುಬಿನಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಅಂತ ಹೆಸರು. ಮಾಡೋನಿಗೆ ಹ್ಯಾಂಡ್ಲಿಂಗ್ ಏಜೆಂಟ್ ಅನ್ನುತ್ತಾರೆ.

ನಮ್ಮ ಗಾಂಧಿ ಬಜಾರಿನ ವ್ಯಾಪಾರಿಗಳಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಅಡಿಕೆ ಮಂಡಿ ಇದೆಯಲ್ಲ, ಅದೇ ಲೆಕ್ಕ. ತೋಟದವರು ಮೂಟೆ ತಂದು ಇಳಿಸುತ್ತಾರೆ. ಹಮಾಲಿ ಯಾರು, ತೂಕ ಯಾರು, ಲಾರಿ ಯಾವುದು, ಸೆಸ್ಸು ಎಷ್ಟು, ಇದೆಲ್ಲ ಮಂಡಿಯವರ ತಲೆನೋವು. ಅವರೇ ಎಲ್ಲರಿಗೂ ಕೈಯಿಂದ ಕೊಟ್ಟು, ಕೊನೆಗೆ ತಮ್ಮ ಕಮಿಷನ್ ಸೇರಿಸಿ ಒಂದೇ ಪಟ್ಟಿ ಕೈಗಿಡುತ್ತಾರೆ. ವಿಮಾನದ ಏಜೆಂಟೂ ಹಾಗೆಯೇ. ಇಳಿದದ್ದಕ್ಕೆ ಶುಲ್ಕ, ನಿಂತದ್ದಕ್ಕೆ ಶುಲ್ಕ, ಎಣ್ಣೆ, ಊಟ, ಕಾರು, ಪೈಲಟ್‌ಗಳ ಲಾಡ್ಜ್ ಎಲ್ಲಕ್ಕೂ ತಾನೇ ದುಡ್ಡು ಕಟ್ಟುತ್ತಾನೆ. ಆಮೇಲೆ ಆ ಮೊತ್ತದ ಮೇಲೆ ಶೇಕಡಾ ಇಷ್ಟು ಅಂತ ಹಾಕಿ ಒಂದು ಬಿಲ್ಲು ಕಳಿಸುತ್ತಾನೆ. ಇಳಿಯುವ ಶುಲ್ಕ ವಿಮಾನದ ತೂಕದ ಮೇಲೆ. ನಿಲ್ಲುವ ಶುಲ್ಕ ತೂಕ, ಗಂಟೆ ಎರಡರ ಮೇಲೆ. ವಿಮಾನ ಬೆಂಗಳೂರಿನಿಂದ ಖಾಲಿ ಬಂದು, ಇಲ್ಲಿಂದ ಜನ ಹತ್ತಿಸಿಕೊಂಡು ಹೋದರೂ ಖಾಲಿ ಬಂದದ್ದಕ್ಕೆ ಬಾಡಿಗೆ ಇದ್ದೇ ಇದೆ. ವಾಪಸ್ ಲೋಡು ಸಿಗದ ಲಾರಿಯವನು ಎರಡೂ ಕಡೆ ಬಾಡಿಗೆ ಕೇಳೋದಿಲ್ವೇ, ಹಾಗೆ.

ಎರಡು ದಿನದ ಕೆಲಸ, ಒಂದು ಗಂಟೆಯ ಹಾರಾಟ

ಬೆಂಗಳೂರಿನಿಂದ ಇಲ್ಲಿಗೆ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್. ವಿಮಾನದಲ್ಲಿ ಒಂದು ಗಂಟೆಯೊಳಗೆ ಮುಗಿದು ಹೋಗುತ್ತೆ. ಆ ಒಂದು ಗಂಟೆಗೆ ಕೆಳಗೆ ಏನೇನು ನಡೆಯಬೇಕು ಅಂತ ಕೇಳಿದರೆ ಮದುವೆ ಮಾಡಿ ನೋಡು ಅನ್ನೋ ಗಾದೆ ಸಣ್ಣದು ಅನಿಸುತ್ತೆ.

ಮೊದಲು ಕಾಗದ. ವಿಮಾನದ ನೋಂದಣಿ ಅಕ್ಷರ, ಯಾವ ಜಾತಿಯ ವಿಮಾನ, ಎಷ್ಟು ಭಾರ, ಪೈಲಟ್‌ಗಳ ಹೆಸರು, ಪ್ರಯಾಣಿಕರ ಹೆಸರು, ಬರುವ ಹೊತ್ತು, ಹೋಗುವ ಹೊತ್ತು. ನಿಲ್ದಾಣದವರು ನಿಲ್ಲಿಸಲು ಜಾಗ ಇದೆ ಅಂತ ಒಪ್ಪಬೇಕು. ಹಾರುವ ಮುಂಚೆ ಹಾರಾಟದ ಯೋಜನೆ ಸಲ್ಲಿಸಿ ಎರಡು ನಂಬರು ಪಡೆಯಬೇಕು. ಒಂದು ವಿಮಾನ ಮಾಹಿತಿ ಕೇಂದ್ರದ್ದು, ಇನ್ನೊಂದು ವಾಯು ರಕ್ಷಣೆಯವರದ್ದು. ಈ ನಂಬರು ಇಲ್ಲದೆ ಆಕಾಶದಲ್ಲಿ ಕಾಣಿಸಿಕೊಂಡರೆ ವಾಯುಪಡೆಯವರು ಯಾರಪ್ಪಾ ನೀನು ಅಂತ ಕೇಳುತ್ತಾರೆ.

ದುಬೈನಲ್ಲಿರೋ ಮಗ ಬಾಡಿಗೆ ವಿಮಾನ ಮಾಡಿಕೊಂಡು ಸೀದಾ ಸೋಗಾನೆಗೆ ಇಳೀತೀನಿ ಅಂದರೆ ಆಗೋ ಮಾತಲ್ಲ. ಕಸ್ಟಮ್ಸ್, ಇಮಿಗ್ರೇಷನ್ ಇರೋ ಕಡೆ, ಅಂದರೆ ಬೆಂಗಳೂರು, ಮಂಗಳೂರಿನಂಥ ನಿಲ್ದಾಣದಲ್ಲಿ ಮೊದಲು ಇಳಿದು ಮುದ್ರೆ ಒತ್ತಿಸಿಕೊಂಡೇ ಬರಬೇಕು. ಹೊರದೇಶದ ವಿಮಾನವಾದರೆ ಡಿಜಿಸಿಎ ಅನುಮತಿಯ ನಂಬರು ಬೇರೆ.

ಇದರಲ್ಲಿ ಒಂದು ಸಣ್ಣ ಗುಂಡಿ ಇದೆ. ಹೊಸಬರು ಅದರೊಳಗೇ ಬೀಳೋದು. ವಿಮಾನದ ಕಾಗದದಲ್ಲಿ ಬರೆಯೋ ಹೊತ್ತು ನಮ್ಮ ಗಡಿಯಾರದ್ದಲ್ಲ. ಪ್ರಪಂಚಕ್ಕೆಲ್ಲ ಒಂದೇ ಲೆಕ್ಕದ ಹೊತ್ತು. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಹೊತ್ತು. ಕಾಗದದಲ್ಲಿ 6 ಗಂಟೆ ಅಂತಿದ್ದರೆ ಇಲ್ಲಿ 11.30. ಇದು ಗೊತ್ತಿಲ್ಲದೆ ಬೆಳಗಿನ ಜಾವ ಆರಕ್ಕೆ ಕಾರು, ಹೂವು, ಇಡ್ಲಿ ಕಟ್ಟಿಸಿಕೊಂಡು ಗೇಟಿನ ಮುಂದೆ ನಿಂತರೆ ಇಡ್ಲಿ ಆರಿ ಕಲ್ಲಾಗುತ್ತೆ. ಹಿಂದು ಮುಂದಾದರೆ ಇನ್ನೂ ಕಷ್ಟ. ಸಣ್ಣ ನಿಲ್ದಾಣಗಳು ದಿನವಿಡೀ ತೆರೆದಿರೋದಿಲ್ಲ. ಅಂಗಡಿ ಬಾಗಿಲು ಹಾಕೋ ಹೊತ್ತು ಇದ್ದ ಹಾಗೆ ಅವಕ್ಕೂ ಇದೆ. ಅದು ಮೀರಿದರೆ ಮೊದಲೇ ಅರ್ಜಿ ಹಾಕಿ, ಹೆಚ್ಚಿನ ಶುಲ್ಕ ಕಟ್ಟಿ, ಸಿಬ್ಬಂದಿಯನ್ನು ಕೂರಿಸಿಕೊಳ್ಳಬೇಕು. ಇಲ್ಲದಿದ್ದರೆ ವಿಮಾನ ಬೇರೆ ಊರಿನ ದಾರಿ ಹಿಡಿಯೋದೇ ಗತಿ.

ಇನ್ನು ವಿಮಾನ ಇಳಿಯಿತು ಅನ್ನಿ. ನಿಲ್ಲೋ ಜಾಗಕ್ಕೆ ಏಪ್ರನ್ ಅಂತಾರೆ. ಅಲ್ಲೊಬ್ಬ ಎರಡು ಕೈಯಲ್ಲಿ ದೀಪದ ಕೋಲು ಹಿಡಿದು ಸನ್ನೆ ಮಾಡುತ್ತಾನೆ. ಬಸ್ ಸ್ಟ್ಯಾಂಡಿನಲ್ಲಿ ‘ಬರ್ಲಿ, ಬರ್ಲಿ, ಹೋಲ್ಡಾನ್’ ಅನ್ನೋ ಕ್ಲೀನರ್ ಹುಡುಗನ ಕೆಲಸವೇ ಅದು, ಕೂಗು ಮಾತ್ರ ಇಲ್ಲ. ಇಂಜಿನ್ ಸದ್ದಿಗೆ ಕೂಗು ಕೇಳೋದೂ ಇಲ್ಲ. ನಿಂತ ಕೂಡಲೆ ಗಾಲಿಗೆ ಕಟ್ಟೆ ಕೊಡಬೇಕು. ರೆಕ್ಕೆಯ ತುದಿಗೆ ಕಿತ್ತಳೆ ಬಣ್ಣದ ಶಂಕು ಇಡಬೇಕು. ಇಂಜಿನ್ ಆರಿಸಿದ ಮೇಲೂ ಒಳಗೆ ದೀಪ, ತಂಪು ಬೇಕು. ಅದಕ್ಕೆ ಹೊರಗಿನಿಂದ ಕರೆಂಟು ಕೊಡೋ ಗಾಡಿ. ನಮ್ಮ ಬಸ್ಸಿನ ಬ್ಯಾಟರಿ 24 ವೋಲ್ಟು. ಸಣ್ಣ ಜೆಟ್ಟಿಗೆ ಕೊಡೋದು 28 ವೋಲ್ಟು. ದೊಡ್ಡ ವಿಮಾನಕ್ಕೆ ಬೇರೆಯೇ ಕರೆಂಟು, ಬೇರೆಯೇ ಗಾಡಿ.

ಎಳೆಯೋ ಕೆಲಸವೂ ಹಾಗೆಯೇ. ಟ್ರ್ಯಾಕ್ಟರ್ ಇದೆ ಅಂತ ಹಗ್ಗ ಕಟ್ಟಿ ಎಳೆಯೋ ಹಾಗಿಲ್ಲ. ಪ್ರತಿ ಜಾತಿಯ ವಿಮಾನದ ಮುಂಗಾಲಿಗೆ ಅದರದ್ದೇ ಎಳೆಗೋಲು. ಮುಂಗಾಲು ಇಷ್ಟೇ ಡಿಗ್ರಿ ತಿರುಗಬೇಕು ಅಂತ ಮಿತಿ ಇದೆ. ಮೀರಿ ತಿರುಗಿಸಿದರೆ ಒಳಗಿನ ಭಾಗ ಮುರಿಯುತ್ತೆ. ಆಮೇಲೆ ಎಂಜಿನಿಯರ್ ಬಂದು ನೋಡೋ ತನಕ ಕೋಟ್ಯಂತರದ ವಿಮಾನ ಪಂಕ್ಚರ್ ಆದ ಆಟೋ ಥರ ನಿಂತಿರಬೇಕು. ಜೊತೆಗೆ ಕುಡಿಯೋ ನೀರು, ಕಕ್ಕಸಿನ ಟ್ಯಾಂಕು ಖಾಲಿ ಮಾಡೋದು, ಊಟದ ಡಬ್ಬಿ, ಒಳಗಿನ ಕಸ. ಪೇಪರಿನಲ್ಲಿ ಫೋಟೋ ಬರೋದು ಹಾರ ಹಾಕಿಸಿಕೊಂಡವರದ್ದು. ಕಕ್ಕಸಿನ ಪೈಪು ಹಿಡಿದವನ ಫೋಟೋ ಯಾರು ಹಾಕುತ್ತಾರೆ?

ತಕ್ಕಡಿ ತಪ್ಪಿದರೆ

ವ್ಯಾಪಾರಿಗಳೇ, ನಿಮಗೆ ಅರ್ಥವಾಗೋ ಒಂದು ಕಥೆ ಹೇಳುತ್ತೇನೆ. ಕಥೆಯಲ್ಲ, ನಡೆದದ್ದು. 1983ರ ಜುಲೈ 23. ಕೆನಡಾ ದೇಶದಲ್ಲಿ ಆಗತಾನೆ ಪೌಂಡಿನಿಂದ ಕಿಲೋಗ್ರಾಮಿಗೆ ಬದಲಾಗುತ್ತಿದ್ದ ಕಾಲ. ಏರ್ ಕೆನಡಾದ ಒಂದು ಬೋಯಿಂಗ್ 767ಕ್ಕೆ 22,300 ಕಿಲೋ ಎಣ್ಣೆ ಬೇಕಿತ್ತು. ಲೀಟರನ್ನು ತೂಕಕ್ಕೆ ತಿರುಗಿಸುವಾಗ ಕಿಲೋ ಲೆಕ್ಕದ ಬದಲು ಹಳೇ ಪೌಂಡ್ ಲೆಕ್ಕ ಹಿಡಿದರು. 22,300 ಪೌಂಡ್ ಎಣ್ಣೆಯೊಂದಿಗೆ, ಅಂದರೆ ಬೇಕಾದ್ದರ ಅರ್ಧಕ್ಕೂ ಕಡಿಮೆ ಎಣ್ಣೆಯಲ್ಲಿ ವಿಮಾನ ಎದ್ದಿತು. ನಡು ಆಕಾಶದಲ್ಲಿ ಎರಡೂ ಇಂಜಿನ್ ಆರಿದವು. ಪೈಲಟ್‌ಗಳು ಗಾಳಿಯಲ್ಲಿ ತೇಲಿಸಿಕೊಂಡು ಬಂದು ಗಿಮ್ಲಿ ಅನ್ನೋ ಊರಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ. ಆ ಪೈಲಟ್‌ಗಳ ಕೈಚಳಕವನ್ನು ಪ್ರಪಂಚ ಇವತ್ತಿಗೂ ಹೊಗಳುತ್ತೆ. ಆದರೆ ತಪ್ಪು ಹುಟ್ಟಿದ್ದು ಎಲ್ಲಿ? ನೆಲದ ಮೇಲೆ, ಕಾಗದ ಪೆನ್ಸಿಲಿನ ಲೆಕ್ಕದಲ್ಲಿ.

ಜೆಟ್ ಎಣ್ಣೆ ಲೀಟರಿಗೆ ಹೆಚ್ಚು ಕಡಿಮೆ 800 ಗ್ರಾಂ ತೂಗುತ್ತೆ. ಪೈಲಟ್ ಕೇಳೋದು ಕಿಲೋ ಲೆಕ್ಕದಲ್ಲಿ ಇರಬಹುದು, ಪೌಂಡಿನಲ್ಲಿ ಇರಬಹುದು. ಬಂಕಿನ ಗಾಡಿ ಕೊಡೋದು ಲೀಟರಿನಲ್ಲಿ. ನಡುವೆ ನಿಂತು ಲೆಕ್ಕ ಹೊಂದಿಸೋನೇ ನೆಲದ ಮನುಷ್ಯ. ಎಣ್ಣೆಯಲ್ಲಿ ನೀರು ಸೇರಿದೆಯೋ ಅಂತ ನೋಡಲು ಒಂದು ಸಣ್ಣ ಹಳದಿ ಬಿಲ್ಲೆ ಇರುತ್ತೆ. ಅದರ ಮೂಲಕ ಎಣ್ಣೆ ಎಳೆದಾಗ ಹಸಿರಾಯಿತೋ, ನೀರಿದೆ ಅಂತ ಅರ್ಥ. ಆ ಎಣ್ಣೆ ಹಾಕೋ ಹಾಗಿಲ್ಲ.

ಇನ್ನೊಂದು ಎಚ್ಚರ. ಎಲ್ಲ ವಿಮಾನಕ್ಕೂ ಒಂದೇ ಎಣ್ಣೆ ಅಲ್ಲ. ಜೆಟ್ಟಿಗೆ, ಬಹುಪಾಲು ಹೆಲಿಕಾಪ್ಟರಿಗೆ ಸೀಮೆಎಣ್ಣೆ ಜಾತಿಯದ್ದು. ಫ್ಲೈಯಿಂಗ್ ಕ್ಲಬ್ಬಿನಂಥ ಪುಟ್ಟ ಪಿಸ್ಟನ್ ವಿಮಾನಕ್ಕೆ ಹೆಚ್ಚಾಗಿ ಪೆಟ್ರೋಲ್ ಜಾತಿಯದ್ದು, ನೀಲಿ ಬಣ್ಣ ಬೆರೆಸಿರುತ್ತಾರೆ. ಜೆಟ್ ಎಣ್ಣೆಗೆ ಕಪ್ಪು ಪಟ್ಟಿ, ಪೆಟ್ರೋಲಿಗೆ ಕೆಂಪು ಪಟ್ಟಿ. ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿದರೆ ರಸ್ತೆ ಪಕ್ಕ ನಿಲ್ಲಬಹುದು. ಮೇಲೆ ಹೋದ ಮೇಲೆ ಪಕ್ಕಕ್ಕೆ ನಿಲ್ಲಿಸೋದು ಎಲ್ಲಿ? ಅಂದ ಹಾಗೆ ವಿಮಾನದ ಎಣ್ಣೆ ಇನ್ನೂ ಜಿಎಸ್‌ಟಿ ಒಳಗೆ ಬಂದಿಲ್ಲ. ರಾಜ್ಯಕ್ಕೊಂದು ತೆರಿಗೆ. ಹಾಗಾಗಿ ಎಲ್ಲಿ ತುಂಬಿಸಿಕೊಳ್ಳಬೇಕು ಅನ್ನೋದೂ ಏಜೆಂಟನ ಲೆಕ್ಕಾಚಾರದಲ್ಲಿ ಸೇರಿರುತ್ತೆ.

ಎಣ್ಣೆಯ ಹಾಗೆಯೇ ಜನ, ಸಾಮಾನು. ಆರೆಂಟು ಜನ ಕೂರೋ ಸಣ್ಣ ವಿಮಾನದಲ್ಲಿ ಪ್ರತಿಯೊಬ್ಬರ ತೂಕ ಕೇಳುತ್ತಾರೆ. ಸಂಕೋಚಪಟ್ಟು ಹತ್ತು ಕಿಲೋ ಕಡಿಮೆ ಹೇಳೋದು ಮದುವೆ ಗಂಡಿನ ವಯಸ್ಸು ಕಡಿಮೆ ಹೇಳಿದ ಹಾಗಲ್ಲ. ಎಲ್ಲರೂ ಹಾಗೆ ಹೇಳಿದರೆ ಪೈಲಟ್‌ನ ಲೆಕ್ಕ ತಪ್ಪುತ್ತೆ. ಸಾಮಾನನ್ನು ಹಿಂದೆ ಎಷ್ಟು ಮುಂದೆ ಎಷ್ಟು ಅಂತ ಹೊಂದಿಸಿ ಇಡಬೇಕು. ನಮ್ಮ ಮಲೆನಾಡಿನ ದಿಬ್ಬಣಕ್ಕೆ ಒಂದು ವಿಶೇಷ ಸೂಚನೆ: ಒಣ ಕೊಬ್ಬರಿ ಬುಟ್ಟಿ ಒಯ್ಯೋ ಹಾಗಿಲ್ಲ. ಕೊಬ್ಬರಿಯಲ್ಲಿ ಎಣ್ಣೆ ಅಂಶ ಹೆಚ್ಚು, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು ಅಂತ ವಿಮಾನದವರ ಅಪಾಯದ ಪಟ್ಟಿಯಲ್ಲಿ ಅದರ ಹೆಸರು ಇದೆ. ಪಟಾಕಿಯ ಮಾತಂತೂ ಎತ್ತಲೇಬೇಡಿ. ಬಾಡಿಗೆ ನಾವೇ ಕೊಟ್ಟಿದ್ದೇವೆ ಅನ್ನೋ ವಾದ ಇಲ್ಲಿ ನಡೆಯೋದಿಲ್ಲ.

ಹಳದಿ ಬೋರ್ಡ್, ಬಿಳಿ ಬೋರ್ಡ್

ಬಸ್ಸಿನಲ್ಲಿ ಓಡಾಡೋರಿಗೆ ಇದು ಗೊತ್ತಿರೋ ಸಂಗತಿ. ಬಿಳಿ ಬೋರ್ಡಿನ ಸ್ವಂತ ಕಾರಿನವನು ಬಾಡಿಗೆ ಹೊಡೆಯೋ ಹಾಗಿಲ್ಲ, ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಆಕಾಶದಲ್ಲೂ ಅದೇ ಕಾನೂನು. ಬಾಡಿಗೆಗೆ ಕೊಡುವವರು ಡಿಜಿಸಿಎಯಿಂದ ಪರವಾನಗಿ ಪಡೆದಿರಬೇಕು. ಸ್ವಂತದ ವಿಮಾನ ಸ್ವಂತಕ್ಕೆ ಮಾತ್ರ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಹೊಳೆಯುತ್ತವೆ, ನಂಬರ್ ಪ್ಲೇಟಿನ ಬಣ್ಣದಲ್ಲಿ ಗುರುತು ಸಿಗೋದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹತ್ತೋ ಮುಂಚೆ ಪರವಾನಗಿ ಕೇಳಿ ನೋಡೋದು ಬಾಡಿಗೆದಾರನ ಹಕ್ಕು.

ಹೆಲಿಕಾಪ್ಟರ್ ಬಾಡಿಗೆ ಅನ್ನೋದು ನಮ್ಮ ನಾಡಿಗೆ ಹೊಸದಲ್ಲ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಬೆಂಗಳೂರಿನಲ್ಲಿ ಡೆಕ್ಕನ್ ಏವಿಯೇಷನ್ ಹೆಲಿಕಾಪ್ಟರ್ ಬಾಡಿಗೆ ಶುರು ಮಾಡಿದ್ದು 1997ರಲ್ಲಿ. ಅಗ್ಗದ ವಿಮಾನ ಏರ್ ಡೆಕ್ಕನ್ ಬಂದದ್ದು ಆಮೇಲೆ, 2003ರಲ್ಲಿ. ಬೆಂಗಳೂರಿನ ಹೊಸ ನಿಲ್ದಾಣ 2008ರ ಮೇ 24ಕ್ಕೆ ಶುರುವಾದಾಗ ದಿನದ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಹಳೇ ಎಚ್‌ಎಎಲ್ ನಿಲ್ದಾಣ ಖಾಸಗಿ, ಬಾಡಿಗೆ ವಿಮಾನಗಳಿಗೆ ತೆರೆದೇ ಉಳಿಯಿತು. ಹಾಗಾಗಿ ಈ ಕಸುಬು ಬಲ್ಲ ಜನ ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಪ್ರಶ್ನೆ ಇರೋದು ಜಿಲ್ಲೆಗಳಲ್ಲಿ.

2017ರ ಕೇಂದ್ರದ ನಿಯಮ ಏನು ಹೇಳುತ್ತೆ ಅಂದರೆ, ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಪ್ರಯಾಣಿಕರು ಬರುವ ದೊಡ್ಡ ನಿಲ್ದಾಣದಲ್ಲಿ ಕನಿಷ್ಠ ಮೂವರು ಹ್ಯಾಂಡ್ಲಿಂಗ್ ಏಜೆಂಟರು ಇರಬೇಕು. ಸಣ್ಣ ನಿಲ್ದಾಣದಲ್ಲಿ ಎಷ್ಟು ಅನ್ನೋದು ಅಲ್ಲಿ ಬರುವ ವಿಮಾನ, ಇರುವ ಜಾಗ ನೋಡಿ ನಿಲ್ದಾಣ ನಡೆಸೋರ ತೀರ್ಮಾನ. ಅಂದರೆ ಸೋಗಾನೆಯಲ್ಲಿ ಚೆಂಡು ರಾಜ್ಯ ಸರ್ಕಾರದ ಅಂಗಳದಲ್ಲೇ ಇದೆ. ಯಾಕೆಂದರೆ ಈ ನಿಲ್ದಾಣ ನಡೆಸುತ್ತಿರೋದು ರಾಜ್ಯದ್ದೇ ಆದ ಕೈಗಾರಿಕೆ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮ. ದಿಲ್ಲಿ ಕಡೆ ಬೆರಳು ತೋರಿಸೋ ಹಾಗಿಲ್ಲ.

ಏಜೆಂಟ್ ಆಗೋದು ಅಂಗಡಿ ಲೈಸೆನ್ಸ್ ತೆಗೆದಷ್ಟು ಸುಲಭವೂ ಅಲ್ಲ. ಕೇಂದ್ರದ ವಿಮಾನ ಭದ್ರತಾ ಬ್ಯೂರೋ, ಬಿಸಿಎಎಸ್, ಒಪ್ಪಿಗೆ ಬೇಕೇ ಬೇಕು. ಒಳಗೆ ಕಾಲಿಡೋ ಪ್ರತಿಯೊಬ್ಬನಿಗೂ ಪೊಲೀಸ್ ತನಿಖೆ, ಪಾಸು. ಆ ಒಪ್ಪಿಗೆಯ ತಾಕತ್ತು ಎಷ್ಟು ಅಂತ 2025ರ ಮೇ 15ರಂದು ದೇಶವೇ ನೋಡಿತು. ಟರ್ಕಿ ಮೂಲದ ಸೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು ಬಿಸಿಎಎಸ್ ರದ್ದು ಮಾಡಿತು. ಬೆಂಗಳೂರೂ ಸೇರಿ ಒಂಬತ್ತು ನಿಲ್ದಾಣಗಳಲ್ಲಿ ಅದರ ಕೆಲಸ ಇತ್ತು. ಒಂದು ಆದೇಶಕ್ಕೆ ಎಲ್ಲ ನಿಂತಿತು, ಆ ಕೆಲಸವನ್ನು ಬೇರೆಯವರ ಕೈಗೆ ಕೊಡಲು ಓಡಾಟ ಶುರುವಾಯಿತು. ಏಣಿ ತಳ್ಳೋರು, ಮೂಟೆ ಹೊರೋರು ಎಷ್ಟು ಮುಖ್ಯ ಅಂತ ಅವತ್ತು ಗೊತ್ತಾಯಿತು.

ಪಂಕಕ್ಕೆ ಕಣ್ಣಿಲ್ಲ

ಈ ಕೆಲಸದಲ್ಲಿ ಜೀವವೂ ಹೋಗುತ್ತೆ. 2015ರ ಡಿಸೆಂಬರ್ 16ರಂದು ಮುಂಬೈನಲ್ಲಿ ವಿಮಾನವನ್ನು ಹಿಂದಕ್ಕೆ ತಳ್ಳಿ ಕಳಿಸೋ ಹೊತ್ತಿನಲ್ಲಿ ಒಬ್ಬ ತಾಂತ್ರಿಕ ಸಿಬ್ಬಂದಿಯನ್ನು ಇಂಜಿನ್ ಒಳಗೆ ಎಳೆದುಕೊಂಡಿತು. 2023ರ ಏಪ್ರಿಲ್ 23ರಂದು ಕೇದಾರನಾಥದ ಹೆಲಿಪ್ಯಾಡಿನಲ್ಲಿ ಸರ್ಕಾರದ ಒಬ್ಬ ಅಧಿಕಾರಿ ಹೆಲಿಕಾಪ್ಟರಿನ ಬಾಲದ ಪಂಕ ಬಡಿದು ತೀರಿಕೊಂಡರು. ತಿರುಗೋ ಪಂಕ ಕಣ್ಣಿಗೆ ಕಾಣೋದಿಲ್ಲ. ಅದಕ್ಕೇ ಹೆಲಿಕಾಪ್ಟರಿನ ಹಿಂದುಗಡೆಯಿಂದ ಯಾರೂ ಹೋಗಬಾರದು, ಪೈಲಟ್ ನೋಡಿ ಕೈ ಮಾಡಿದ ಮೇಲೆ ಮುಂದುಗಡೆಯಿಂದ ಬಗ್ಗಿ ಹೋಗಬೇಕು ಅಂತ ಶಿಸ್ತು.

ನಮ್ಮಲ್ಲಿ ಚುನಾವಣೆ ಬಂದಾಗ ಏನಾಗುತ್ತೆ ನೋಡಿದ್ದೀರಲ್ಲ. ಶಾಲೆ ಮೈದಾನದಲ್ಲಿ ಸುಣ್ಣದಲ್ಲಿ ಒಂದು ವೃತ್ತ, ನಡುವೆ ಒಂದು ಇಂಗ್ಲಿಷ್ ಅಕ್ಷರ. ಧೂಳು ಏಳದ ಹಾಗೆ ಟ್ಯಾಂಕರ್ ನೀರು. ಗಾಳಿ ಯಾವ ಕಡೆ ಅಂತ ತೋರಿಸಲು ಹೊಗೆ. ಒಂದು ಅಗ್ನಿಶಾಮಕ ಗಾಡಿ. ಇಷ್ಟೆಲ್ಲ ಮಾಡಿ ಕೊನೆಗೆ ಹೆಲಿಕಾಪ್ಟರ್ ಇಳಿದ ಕೂಡಲೆ ಜನ ಹಗ್ಗ ಹಾರಿ ಓಡುತ್ತಾರೆ, ಕೈಯಲ್ಲಿ ಹಾರ, ಶಾಲು, ಮೊಬೈಲು. ಶಾಲು ಹಾರಿ ಪಂಕಕ್ಕೆ ಸಿಕ್ಕಿದರೆ ಆಮೇಲೆ ಸಂತಾಪ ಸೂಚಕ ಸಭೆಗೆ ಅದೇ ಮೈದಾನ ಬೇಕಾಗುತ್ತೆ.

ಕಸದ ಮಾತು ಮತ್ತೆ ಬಂತು ನೋಡಿ. 2000ದ ಜುಲೈ 25ರಂದು ಪ್ಯಾರಿಸ್ಸಿನಲ್ಲಿ ಕಾಂಕಾರ್ಡ್ ವಿಮಾನ ಬಿದ್ದು 113 ಜನ ಸತ್ತರು. ತನಿಖೆಯವರು ಕಾರಣ ಹುಡುಕಿ ಹೊರಟು ತಲುಪಿದ್ದು ಬೇರೊಂದು ವಿಮಾನದಿಂದ ರನ್‌ವೇ ಮೇಲೆ ಕಳಚಿ ಬಿದ್ದಿದ್ದ ಒಂದು ಲೋಹದ ಪಟ್ಟಿಗೆ. ಆ ಪಟ್ಟಿ ಟೈರನ್ನು ಸೀಳಿತು, ಟೈರಿನ ಚೂರು ರೆಕ್ಕೆಗೆ ಬಡಿಯಿತು, ಎಣ್ಣೆ ಹೊತ್ತಿಕೊಂಡಿತು.

ಇನ್ನು ಹದ್ದು. 2023ರ ಮೇ 2ರಂದು ಡಿ.ಕೆ. ಶಿವಕುಮಾರ್ ಅವರಿದ್ದ ಹೆಲಿಕಾಪ್ಟರಿಗೆ ಹೊಸಕೋಟೆ ಹತ್ತಿರ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಸಿದರು. ಹದ್ದು ಎಲ್ಲಿ ಸುತ್ತುತ್ತೆ? ಮಾಂಸದ ತ್ಯಾಜ್ಯ, ಕಸ ಬಿದ್ದಿರೋ ಕಡೆ. ಅದಕ್ಕೇ 1937ರ ವಿಮಾನ ನಿಯಮಗಳಲ್ಲಿ 91ನೇ ನಿಯಮ ಅಂತ ಒಂದಿದೆ. ನಿಲ್ದಾಣದಿಂದ ಹತ್ತು ಕಿಲೋಮೀಟರ್ ಒಳಗೆ ಬಯಲಲ್ಲಿ ಪ್ರಾಣಿ ಕಡಿಯೋದು, ಹಕ್ಕಿ ಸೇರೋ ಹಾಗೆ ಕಸ ಸುರಿಯೋದು ನಿಷಿದ್ಧ. ಸೋಗಾನೆಯನ್ನು ನಡುವೆ ಇಟ್ಟು ಹತ್ತು ಕಿಲೋಮೀಟರಿನ ಬಳೆ ಎಳೆಯಿರಿ. ಯಾವ ಯಾವ ಪಂಚಾಯ್ತಿ, ಯಾವ ಯಾವ ಬಡಾವಣೆ ಒಳಗೆ ಬರುತ್ತೆ ಅಂತ ಲೆಕ್ಕ ಹಾಕಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಚೀಲ ಕಟ್ಟಿ ರಸ್ತೆ ಅಂಚಿಗೆ ಎಸೆಯೋ ನಮ್ಮ ಕೈಯೂ ಈ ಕೆಲಸದಲ್ಲಿ ಸೇರಿದೆ ಅಂತಾಯ್ತು.

ಮದುವೆ ಪಾರ್ಟಿ ಬಿಡಿ, ರೋಗಿಯ ಮಾತು ಹೇಳಿ

‘ಶ್ರೀಮಂತರ ವಿಮಾನಕ್ಕೆ ಏಣಿ ಸಿಕ್ಕರೆಷ್ಟು ಬಿಟ್ಟರೆಷ್ಟು, ನಮಗೇನು?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಇಲ್ಲಿದೆ.

ತಲೆಗೆ ಪೆಟ್ಟು ಬಿದ್ದ ಒಬ್ಬ ಹುಡುಗ ಮೆಗ್ಗಾನ್ ಆಸ್ಪತ್ರೆಯಲ್ಲಿದ್ದಾನೆ ಅಂದುಕೊಳ್ಳಿ. ಬೆಂಗಳೂರಿಗೆ ಒಯ್ಯಲೇಬೇಕು ಅಂತ ವೈದ್ಯರು ಹೇಳಿದರು. ಮಣಿಪಾಲದ ಕಡೆಗಾದರೆ ಘಾಟಿ, ಬೆಂಗಳೂರಾದರೆ 300 ಕಿಲೋಮೀಟರ್. ಊರಿನವರು ಚಂದಾ ಎತ್ತಿಯೋ, ಸರ್ಕಾರವೇ ಮನಸ್ಸು ಮಾಡಿಯೋ ವಿಮಾನ ಬಂತು. ಆಗ ಬೇಕಾಗೋದು ಏನು? ಆಂಬುಲೆನ್ಸ್ ಗೇಟಿನ ಹೊರಗೆ ನಿಲ್ಲದೆ ವಿಮಾನದ ಬಾಗಿಲ ತನಕ ಹೋಗಬೇಕು. ಅದಕ್ಕೆ ಗಾಡಿಗೆ ಅನುಮತಿ, ಡ್ರೈವರಿಗೆ ಪಾಸು, ದಾರಿ ತೋರಿಸಲು ಒಬ್ಬ. ಸಣ್ಣ ವಿಮಾನದ ಬಾಗಿಲು ಇಕ್ಕಟ್ಟು. ಸ್ಟ್ರೆಚರನ್ನು ಓರೆ ಮಾಡದೆ, ನಳಿಗೆ ಕೀಳದೆ ಒಳಗೆ ತೂರಿಸಲು ಅಭ್ಯಾಸ ಇರೋ ನಾಲ್ಕು ಕೈ ಬೇಕು. ಆಮ್ಲಜನಕದ ಸಿಲಿಂಡರ್ ಯಾವುದು ಒಯ್ಯಬಹುದು, ಯಾವುದು ಕೂಡದು ಅಂತ ಗೊತ್ತಿರಬೇಕು. ನಿಲ್ದಾಣದ ಹೊತ್ತು ಮುಗಿದಿದ್ದರೆ ತೆರೆಸೋರು ಬೇಕು. ಸತ್ತವರ ಮನೆಯವರು ಹೃದಯ ದಾನ ಮಾಡಿದ್ದರೆ ಅದನ್ನು ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಂದು ಎದೆಗೆ ಸೇರಿಸಬೇಕು. ಅಂಥ ಹೊತ್ತಿನಲ್ಲಿ ಗೇಟಿನ ಹತ್ತಿರ ‘ಪಾಸ್ ಎಲ್ರಿ?’ ಅನ್ನೋ ಮಾತಿಗೆ ಇಪ್ಪತ್ತು ನಿಮಿಷ ಹೋದರೆ ಆ ನಿಮಿಷ ಯಾರ ಲೆಕ್ಕಕ್ಕೆ?

ಮದುವೆ ಪಾರ್ಟಿಗೆ ಏಣಿ ತಳ್ಳೋ ಕೈ, ಕಾಯಿಲೆಯ ಕೂಸಿಗೆ ಸ್ಟ್ರೆಚರ್ ಹಿಡಿಯೋ ಕೈ ಎರಡೂ ಒಂದೇ. ದುಡ್ಡಿದ್ದವರ ವಿಮಾನ ಬಂದಾಗ ಆ ಕೈಗಳಿಗೆ ಸಂಬಳ ಹುಟ್ಟಿದರೆ, ಬಡವನ ಕಷ್ಟಕ್ಕೆ ಅವು ಊರಲ್ಲೇ ಇರುತ್ತವೆ. ಪ್ರತಿ ಸಲ ಬೆಂಗಳೂರಿನಿಂದ ಜನ ಕರೆಸಿ, ಸಂಜೆಗೆ ಅವರನ್ನು ವಾಪಸ್ ಕಳಿಸಿದರೆ, ರಾತ್ರಿಯ ರೋಗಿಗೆ ಇಲ್ಲಿ ಉಳಿಯೋದು ಮೂರು ಕಿಲೋಮೀಟರಿನ ಖಾಲಿ ರಸ್ತೆ.

ಹಾಗಾದರೆ ಏನಾಗಬೇಕು?

ಈ ಅಂಕಣಕ್ಕೆ ತೋಚಿದ್ದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ.

ಒಂದು: ಬಾಡಿಗೆ ವಿಮಾನಕ್ಕೆ ಇಲ್ಲಿ ಏನೇನು ಸೇವೆ ಸಿಗುತ್ತೆ, ಯಾರನ್ನು ಕೇಳಬೇಕು, ದರ ಎಷ್ಟು ಅನ್ನೋದನ್ನು ಹೋಟೆಲಿನ ತಿಂಡಿ ಬೋರ್ಡಿನ ಹಾಗೆ ಜನಕ್ಕೆ ಕಾಣೋ ಕಡೆ ಕನ್ನಡದಲ್ಲಿ ಬರೆದು ಹಾಕಲಿ. ಈಗಾಗಲೇ ಪಟ್ಟಿ ಇದ್ದರೆ ಅದನ್ನು ಬೀರುವಿನಿಂದ ಹೊರಗೆ ತರಲಿ.

ಎರಡು: ಸೋಗಾನೆ ಸುತ್ತಿನ ಐಟಿಐ ಪಾಸಾದ ಹುಡುಗ ಹುಡುಗಿಯರಿಗೆ, ಅದರಲ್ಲೂ ನಿಲ್ದಾಣಕ್ಕೆ ಭೂಮಿ ಕೊಟ್ಟ ಮನೆಯವರಿಗೆ, ಈ ಕೆಲಸದ ತರಬೇತಿ ಕೊಡಿಸಲಿ. ಸನ್ನೆ ಮಾಡೋದು, ಎಳೆಯೋದು, ಎಣ್ಣೆಯ ಲೆಕ್ಕ, ಏಪ್ರನ್ನಿನಲ್ಲಿ ಗಾಡಿ ಓಡಿಸೋ ಪರವಾನಗಿ. ಬಸ್ಸಿನ ಏರ್ ಬ್ರೇಕು ಬಿಚ್ಚಿ ಜೋಡಿಸೋ ನಮ್ಮ ಗ್ಯಾರೇಜ್ ಹುಡುಗರಿಗೆ ಇದು ಬಾರದ ವಿದ್ಯೆ ಅಲ್ಲ.

ಮೂರು: ರೋಗಿಯ ವಿಮಾನಕ್ಕೆ ಒಂದು ಕಾಯಂ ಏರ್ಪಾಡು ಇರಲಿ. ಆಂಬುಲೆನ್ಸಿನ ಅನುಮತಿ, ಡ್ರೈವರ್ ಪಾಸು, ರಾತ್ರಿ ಕರೆದರೆ ಬರೋರ ಫೋನ್ ನಂಬರು ಮೂರೂ ಮೊದಲೇ ಸಿದ್ಧವಿರಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡೋದು ಬೇಡ.

ನಾಲ್ಕು: ಆ ಹತ್ತು ಕಿಲೋಮೀಟರಿನ ಬಳೆಯೊಳಗೆ ಕಸ ಸುರಿಯೋದನ್ನು ಪಾಲಿಕೆ, ಪಂಚಾಯ್ತಿ, ನಾವು, ನೀವು ಎಲ್ಲ ಸೇರಿ ನಿಲ್ಲಿಸೋಣ. ಇದಕ್ಕೆ ಕೋಟಿ ಬೇಡ.

ಬಸ್ಸು ಎಂಆರ್‌ಎಸ್ ಹತ್ತಿರ ಬರುವಾಗ ಆ ಯಜಮಾನರು ಇಳಿಯಲು ಎದ್ದರು. ಬಾಗಿಲ ಹತ್ತಿರ ನಿಂತು, “ಹಾಗಾದ್ರೆ ಆ ವಿಮಾನಕ್ಕೂ ನಿನ್ನಂಥೋನು ಒಬ್ಬ ಬೇಕು ಅನ್ನು” ಅಂತ ಕಂಡಕ್ಟರಿಗೆ ಹೇಳಿದರು. ಕಂಡಕ್ಟರ್ ಶಿಳ್ಳೆ ಬಾಯಿಗಿಟ್ಟುಕೊಂಡು, “ಬೇಕೇ ಬೇಕು ಯಜಮಾನ್ರೆ. ನಾವು ರೈಟ್ ಅನ್ನದೆ ಯಾವ ಗಾಡಿ ಹೊರಟೀತು?” ಅಂದ.